ಪ್ರಯೋಗಾಲಯದ ಬಾಗಿಲು ನಿಮಗೂ ತೆರೆದಿದೆ



ವಿಶ್ವವಿದ್ಯಾನಿಲಯ, ವಿಜ್ಞಾನ ಸಂಸ್ಥೆ ಎಂದ ಕೂಡಲೇ ಅದು ಓದಿದವರ ಜಾಗ, ನಮಗೇನು ಕೆಲಸ ಎಂದು ನಮ್ಮಲ್ಲಿ ಅನೇಕರು ಸುಮ್ಮನಾಗುವುದುಂಟು. ಆದರೆ ಅಲ್ಲಿನ ಸಂಶೋಧನೆಗೆ ಸರ್ಕಾರ ಕೊಡುವ ಹಣ ನಮ್ಮೆಲ್ಲರ ಹಣ. ಅದರ ಫಲವನ್ನು ಕಣ್ಣಾರೆ ನೋಡಲು, ಕೇಳಿ ತಿಳಿಯಲು ನಿಮಗೂ ಅವಕಾಶವಿದೆ.

ಎಲ್ಲಿ, ಯಾವಾಗ?

1909ರಲ್ಲಿ ಸ್ಥಾಪನೆಯಾದ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದಲ್ಲಿ 'ಓಪನ್ ಡೇ' ನಡೆಸುತ್ತದೆ. ಅಂದು ಪ್ರವೇಶ ಉಚಿತ. ವಿದ್ಯಾರ್ಥಿಗಳು ತಮ್ಮ ಪ್ರಯೋಗಗಳನ್ನು ತಾವೇ ಮಾಡಿ ತೋರಿಸುತ್ತಾರೆ. ಇದೇ ರೀತಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಕೃಷಿ ಮೇಳ ನಡೆಯುತ್ತದೆ. ಹೊರಡುವ ಮುನ್ನ ದಿನಾಂಕವನ್ನು ವಿಚಾರಿಸಿಕೊಳ್ಳಿ.

ಪುರ ಗ್ರಾಮ ಕಲಿಸಿದ ಪಾಠ

ವಿಜ್ಞಾನಿಗಳ ಕೆಲಸಕ್ಕೂ ನಮ್ಮ ಕೊಟ್ಟಿಗೆಗೂ ಏನು ಸಂಬಂಧ ಎನ್ನುವಿರಾ? ಒಂದು ಉದಾಹರಣೆ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಸೌದೆ ಉಳಿಸಿ ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ ಇವರದೇ ಕೊಡುಗೆ.

ಈ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಯೋಜನೆ ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದಾಗಿತ್ತು. ಅದಕ್ಕೆ ಸಗಣಿ ಸಾಲಲಿಲ್ಲ. ಊರಿನವರಿಗೆ ಅನಿಲಕ್ಕಿಂತ ಕುಡಿಯುವ ನೀರಿನ ಚಿಂತೆಯೇ ದೊಡ್ಡದಾಗಿತ್ತು. ಆದ್ದರಿಂದ ಯೋಜನೆಯನ್ನೇ ಬದಲಿಸಲಾಯಿತು. 1987ರಿಂದ ಈ ಅನಿಲದ ಜೊತೆ ಸ್ವಲ್ಪ ಡೀಸೆಲ್ ಬಳಸಿ ಎಂಜಿನ್ ಓಡಿಸಿ, ಅದರಿಂದ ಬಂದ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರೆತ್ತಿ ನಲ್ಲಿಗಳಿಗೆ ಹರಿಸಿದರು. ಮನೆಗಳಿಗೆ ದೀಪವನ್ನೂ ಕೊಟ್ಟರು.

ವ್ಯವಸ್ಥೆ ನಮ್ಮ ಹಾಲಿನ ಸಂಘದಂತೆಯೇ ಇತ್ತು. ತಂದ ಸಗಣಿಯನ್ನು ತೂಗಿ ಲೆಕ್ಕ ಬರೆಯುತ್ತಿದ್ದರು. ಹೊತ್ತು ತಂದವರಿಗೆ ಕೆ.ಜಿ.ಗೆ 2 ಪೈಸೆ ಕೂಲಿ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಸಗಣಿ ಕೊಟ್ಟ ಮನೆಗಳಿಗೇ ಮರಳುತ್ತಿತ್ತು. ಯಂತ್ರದಷ್ಟೇ ಈ ಲೆಕ್ಕಾಚಾರವೂ ಮುಖ್ಯ ಎಂಬುದನ್ನು ಸಹಕಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೋಡಲು ಹೋದಾಗ ಏನು ಕೇಳಬೇಕು?

ಪ್ರದರ್ಶನದಲ್ಲಿ ಮಾದರಿ ಚೆನ್ನಾಗಿಯೇ ನಡೆಯುತ್ತದೆ. ನೋಡಿಕೊಳ್ಳಲು ನಾಲ್ಕು ಜನ ಪಕ್ಕದಲ್ಲೇ ಇರುತ್ತಾರೆ. ನಮ್ಮ ಮನೆಯಲ್ಲಿ ನಡೆದೀತೇ ಎಂಬುದು ಬೇರೆ ಪ್ರಶ್ನೆ. ಆದ್ದರಿಂದ ಸಂಕೋಚಪಡದೆ ಹೀಗೆ ಕೇಳಿ:

1. ಇದಕ್ಕೆ ದಿನಕ್ಕೆ ಎಷ್ಟು ಸಗಣಿ, ನೀರು, ವಿದ್ಯುತ್ ಬೇಕು?
2. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಬಿಡಿಭಾಗ ಎಲ್ಲಿ ಸಿಗುತ್ತದೆ?
3. ರೈತರ ಮನೆಯಲ್ಲಿ ಒಂದು ವರ್ಷವಾದರೂ ನಡೆದಿದೆಯೇ? ಹೋಗಿ ನೋಡಬಹುದೇ?
4. ಮನೆಯ ಹೆಂಗಸರ ಕೆಲಸ ಇದರಿಂದ ಹಗುರವಾಗುತ್ತದೆಯೋ, ಹೆಚ್ಚುತ್ತದೆಯೋ?

ಉತ್ತರವನ್ನು ನಿಮ್ಮ ಲೆಕ್ಕಕ್ಕೆ ಹೊಂದಿಸಿ ನೋಡಿ. ಉದಾಹರಣೆಗೆ, 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಕಟ್ಟಿ ಮೇಯಿಸುವ ದೊಡ್ಡ ರಾಸು ದಿನಕ್ಕೆ ಸುಮಾರು 10ರಿಂದ 15 ಕೆ.ಜಿ. ಸಗಣಿ ಕೊಡುತ್ತದೆ. ನಾಲ್ಕೈದು ರಾಸು ಇದ್ದವರಿಗೆ ಇದು ಸರಿಹೋಗುತ್ತದೆ. ಎರಡೇ ರಾಸು ಇದ್ದು, ಅವೂ ಹಗಲೆಲ್ಲ ಹೊರಗೆ ಮೇಯುತ್ತಿದ್ದರೆ, ಸಾಲ ಮಾಡಿ ಕಟ್ಟಿಸಿದ ಸ್ಥಾವರ ಅರೆಹೊಟ್ಟೆಯಲ್ಲೇ ಉಳಿಯುತ್ತದೆ.

ನಾಲ್ಕು ಮಂದಿ ಸದಸ್ಯರು, ಅದರಲ್ಲಿ ಇಬ್ಬರಾದರೂ ಮಹಿಳೆಯರು, ಶಾಲೆಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿಬನ್ನಿ. ಕಂಡದ್ದನ್ನು ಸಂಘದ ಸಭೆಯಲ್ಲಿ ಎಲ್ಲರಿಗೂ ತಿಳಿಸಿ. ನಿಮ್ಮ ತೊಂದರೆಯನ್ನೂ ಅಲ್ಲಿನವರಿಗೆ ಹೇಳಿ ಬನ್ನಿ. ಪುರದ ಜನ ನೀರು ಬೇಕೆಂದು ಬಾಯಿಬಿಟ್ಟು ಹೇಳಿದ್ದರಿಂದಲೇ ವಿಜ್ಞಾನಿಗಳ ಯೋಜನೆ ಬದಲಾಯಿತು ಎಂಬುದು ನೆನಪಿರಲಿ.