ಮಾಚನೂರಿನ ರೇಡಿಯೋ

ರೇಡಿಯೋ ಕೇಂದ್ರ ಎಂದೊಡನೆ ನಮ್ಮ ಕಣ್ಣೆದುರು ಬರುವುದು ದೊಡ್ಡ ಊರು, ದೊಡ್ಡ ಕಟ್ಟಡ, ಅಳೆದು ತೂಗಿದ ಪುಸ್ತಕದ ಭಾಷೆ. ಹಗಲೆಲ್ಲ ಕಳೆ ಕಿತ್ತು ಬಂದ ಹೆಂಗಸು ಸಂಜೆ ಮೈಕಿನ ಮುಂದೆ ಕೂತು ಹತ್ತೂರಿಗೆ ಮಾತಾಡುತ್ತಾಳೆ ಅಂದರೆ ನಂಬ್ತೀರಾ? ಅಂಥ ಕೇಂದ್ರ ಹುಟ್ಟಿದ್ದು ತೀರಾ ದೂರದಲ್ಲೇನೂ ಅಲ್ಲ. ಹೈದರಾಬಾದಿನಿಂದ ಮುಂಬಯಿ ರಸ್ತೆ ಹಿಡಿದು ನೂರು ಕಿಲೋಮೀಟರಿನಷ್ಟು ಹೋದರೆ ಜಹೀರಾಬಾದ್. ಅಲ್ಲಿಂದ ಮುಂದೆ ನಮ್ಮ ಬೀದರ್ ಸೀಮೆ. ಜಹೀರಾಬಾದಿನ ಹತ್ತಿರದ ಮಾಚನೂರು ಎಂಬ ಹಳ್ಳಿಯದೇ ಈ 'ಸಂಘಂ ರೇಡಿಯೋ'.

ಆ ಭಾಗದ ಬಡ ಹೆಂಗಸರು, ಹೆಚ್ಚಿನವರು ದಲಿತರು, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ ಊರೂರಲ್ಲಿ ಸಂಘ ಕಟ್ಟಿಕೊಂಡಿದ್ದರು. ಸೊಸೈಟಿಯ ನಿರ್ದೇಶಕರಾಗಿದ್ದ ಪಿ. ವಿ. ಸತೀಶ್ (ನಿಧನ 2023) ಮೈಸೂರಿನವರು, ಮೊದಲು ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಯುನೆಸ್ಕೋ ನೆರವಿನಿಂದ 1998ರಲ್ಲೇ ಕೇಂದ್ರ ಸಿದ್ಧವಾಯಿತು. ಆದರೆ ಪ್ರಸಾರಕ್ಕೆ ಪರವಾನಗಿ ಇಲ್ಲ!

ಏಕೆ ಅಂತೀರಾ? ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯಿದೆ ಈ ಅಧಿಕಾರವನ್ನೆಲ್ಲ ಸರ್ಕಾರದ ಕೈಯಲ್ಲಿಟ್ಟಿತ್ತು. ಗಾಳಿಯಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟರೂ ಬಾಗಿಲು ತೆರೆದದ್ದು ನಿಧಾನವಾಗಿ. ಮೊದಲು ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶ ಸಿಕ್ಕಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯ ಮಾತಾಡತೊಡಗಿತು. ಅಂದರೆ ಓದಿದವರಿಗೆ ಉಂಟು, ಉತ್ತವರಿಗೆ ಇಲ್ಲ!

ಮಾಚನೂರಿನವರು ಸುಮ್ಮನೆ ಕೂರಲಿಲ್ಲ. ಕಾರ್ಯಕ್ರಮ ಮಾಡಿ ಕ್ಯಾಸೆಟ್ಟಿಗೆ ತುಂಬಿಸಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಕೊಡುವ ನೀತಿ ಬಂದದ್ದು 2006ರ ನವೆಂಬರಿನಲ್ಲಿ. 2008ರ ಅಕ್ಟೋಬರ್ 15ರಂದು ಕೇಂದ್ರವನ್ನು ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ. ಬಿ. ಸಾವಂತ್, ಅದೇ 1995ರ ತೀರ್ಪು ಬರೆದವರು. ಕಾಯ್ದದ್ದು ಹತ್ತು ವರ್ಷ.

ಇಂಥ ಕೇಂದ್ರದ ಶಕ್ತಿ ಹೆಚ್ಚೆಂದರೆ ನೂರು ವಾಟ್, ಕಂಬದ ಎತ್ತರ ಮೂವತ್ತು ಮೀಟರ್. ಎಫ್.ಎಂ. ಅಲೆ ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲೇ ಸಾಗುವುದರಿಂದ ಸುತ್ತಲಿನ ಕೆಲವು ಹತ್ತು ಹಳ್ಳಿಗಳಿಗಷ್ಟೇ ಮುಟ್ಟುತ್ತದೆ. ಅದು ಕೊರತೆಯಲ್ಲ, ಗುಣ. ದಿಲ್ಲಿಗೆ ಕೇಳಿಸಬೇಕೆಂಬ ಹಂಗಿಲ್ಲದಿದ್ದರೆ ಊರ ಮಾತನ್ನೇ ಆಡಬಹುದಲ್ಲ!

ಪ್ರಸಾರಕ್ಕೆ ಇಟ್ಟುಕೊಂಡ ಹೊತ್ತು ಸಂಜೆ ಏಳರಿಂದ ಒಂಬತ್ತು, ಹೊಲದ ಕೆಲಸ ಮುಗಿದ ಮೇಲೆ. ಭಾಷೆ ಆ ಸೀಮೆಯ ಆಡುತೆಲುಗು. ನವಣೆ, ಸಾಮೆ, ಜೋಳದ ಬೀಜ ಕಾಪಾಡುವುದು ಹೇಗೆ, ಯಾವ ಸೊಪ್ಪು ಯಾವ ಕಾಯಿಲೆಗೆ, ಹಬ್ಬ, ಬಿತ್ತನೆಯ ಹಾಡು, ಅಡುಗೆ, ಹೆಂಗಸರ ಕಷ್ಟಸುಖ ಎಲ್ಲ ಅಲ್ಲಿ ಬಂದವು. ಬೀಜದ ಅಂಗಡಿಯವನು ಹೇಳಿದ್ದೇ ವೇದವಾಗಿದ್ದ ಕಾಲದಲ್ಲಿ, ಬೀಜ ಕಟ್ಟಿಡಬಲ್ಲ ಮುದುಕಿಯ ಮಾತಿಗೂ ಬೆಲೆ ಬಂತು. ನಡೆಸಿದವರೂ ಅಲ್ಲಿಯ ಹೆಣ್ಣುಮಕ್ಕಳೇ. ಇಬ್ಬರದೂ ಹೆಸರು ನರಸಮ್ಮ.

ಒಂದು ತೊಡಕು ಮಾತ್ರ ಪೂರಾ ಬಿಡಲಿಲ್ಲ. ಸಮುದಾಯ ರೇಡಿಯೋ ಸುದ್ದಿ ಹೇಳಕೂಡದು ಅಂತ 2006ರ ನೀತಿ. ಮುಂದೆ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಲು ಬಿಟ್ಟರು, ಅಷ್ಟೆ. ಊರಿನವರು ಬೀಜದ ಬಗ್ಗೆ ಮಾತಾಡಬಹುದು, ದೇಶದ ಬಗ್ಗೆ ಸುದ್ದಿ ಕೊಡಬಾರದು. ಇದು ಯಾವ ನ್ಯಾಯ?

ಪರಸ್ಥಳದಲ್ಲಿ ಕನ್ನಡ ಉಳಿಸಬೇಕು ಅಂತ ನಾವು ವರ್ಷಕ್ಕೊಮ್ಮೆ ಭಾಷಣ ಮಾಡುತ್ತೇವೆ. ಮನೆಯಲ್ಲಿ ಅಮ್ಮ ಆಡುವ ಧಾರವಾಡದ, ಕಲಬುರಗಿಯ, ಮಂಗಳೂರಿನ ಕನ್ನಡವನ್ನು ವೇದಿಕೆ ಹತ್ತುವಾಗ ಮಾತ್ರ ಚಪ್ಪಲಿಯ ಹಾಗೆ ಹೊರಗೆ ಬಿಡುತ್ತೇವೆ. ಮಾಚನೂರಿನವರು ಹತ್ತು ವರ್ಷ ಕಾದದ್ದು ಆ ಮಾತಿಗಾಗಿಯೇ. ನಾವು ಯಾರ ಪರವಾನಗಿಗೆ ಕಾಯ್ತಾ ಇದ್ದೇವೆ?