ವ್ರತದ ದಿನ ರಜೆಯ ದಿನವಾದ ಬಗೆ



ಜನವರಿ 26ನ್ನು ಏತಕ್ಕಾಗಿ ಆಚರಿಸುತ್ತೇವೆಂದು ಮಠಕ್ಕೆ ಬರುವ ವಿದ್ಯಾರ್ಥಿಗಳನ್ನು ನಾವು ಆಗಾಗ ಕೇಳುವುದುಂಟು. ಸಂವಿಧಾನ ಜಾರಿಗೆ ಬಂದ ದಿನವೆಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಉತ್ತರ ಸರಿಯಾದುದೇ. ಆದರೆ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಕೆಲವೇ ವಿಧಿಗಳು ಅಂದು ಜಾರಿಗೆ ಬಂದವು. ಉಳಿದುದನ್ನೆಲ್ಲ ಎರಡು ತಿಂಗಳು ಕಾಯಿಸಿ 1950ರ ಜನವರಿ 26ರಂದೇ ಜಾರಿಗೆ ತಂದುದೇಕೆ ಎಂದು ಮತ್ತೆ ಕೇಳಿದರೆ ಮಕ್ಕಳು ಮಾತ್ರವಲ್ಲ, ಜೊತೆಗೆ ಬಂದ ಮಾಸ್ತರರೂ ಮುಖ ನೋಡುತ್ತಾರೆ.

ಆ ತಾರೀಖಿಗೆ ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಒಂದು ಋಣವಿದೆ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ಅದನ್ನು ದೇಶದ ಜನರೆಲ್ಲ ತಮ್ಮ ಬಾಯಿಂದಲೇ ಹೇಳಬೇಕೆಂದು 1930ರ ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಮಾಡಿದರು. ಅದೇ ಜನವರಿ 26. ಜನ ಊರೂರಲ್ಲಿ ಸೇರಿ, ತಮ್ಮ ತಮ್ಮ ಭಾಷೆಯಲ್ಲಿ ಪ್ರತಿಜ್ಞೆಯನ್ನು ಕೇಳಿ, ಕೈಯೆತ್ತಿ ಒಪ್ಪಿದರು. ಭಾಷಣ ಬೇಡವೆಂಬುದು ಗಾಂಧೀಜಿಯವರ ಇಚ್ಛೆಯಾಗಿತ್ತು. ದಿನದ ಉಳಿದ ಹೊತ್ತನ್ನು ನೂಲುವುದರಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಸೇವೆಯಲ್ಲಿ, ಹಿಂದೂ ಮುಸಲ್ಮಾನರನ್ನು ಕೂಡಿಸುವುದರಲ್ಲಿ, ಪಾನನಿರೋಧದ ಕೆಲಸದಲ್ಲಿ ಕಳೆಯಿರೆಂದು ಅವರು ಹೇಳಿದ್ದರು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಅದು ಉತ್ಸವವಲ್ಲ, ವ್ರತ.

ಆ ಪ್ರತಿಜ್ಞೆಯೊಳಗೆ ಏನಿತ್ತೆಂಬುದನ್ನು ತಿಳಿಯಬೇಕು. ಅದರಲ್ಲಿ ಜಯಘೋಷಕ್ಕಿಂತ ಬಡವನ ಮನೆಯ ಲೆಕ್ಕವೇ ಹೆಚ್ಚು. ಈ ದೇಶದವನ ಸರಾಸರಿ ಆದಾಯ ದಿನಕ್ಕೆ ಅಂದಿನ ಏಳು ಪೈಸೆ. ತೆರಿಗೆಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ರೈತನ ಭೂಕಂದಾಯದಿಂದ ಬರುತ್ತದೆ, ಮೂರು ಪಾಲು ಉಪ್ಪಿನಿಂದ. ನೂಲುವಂಥ ಹಳ್ಳಿಯ ಕಸುಬುಗಳು ನಾಶವಾಗಿ ಒಕ್ಕಲಿಗ ವರ್ಷದಲ್ಲಿ ನಾಲ್ಕು ತಿಂಗಳಾದರೂ ಕೆಲಸವಿಲ್ಲದೆ ಕೂರುತ್ತಾನೆ. ಸ್ವಾತಂತ್ರ್ಯ ಏಕೆ ಬೇಕೆಂಬುದಕ್ಕೆ ಉಪ್ಪು, ಕಂದಾಯ, ನೂಲು ಇವೇ ಸಾಕ್ಷಿ!

ಕೈಯೆತ್ತಿದವರು ಕೈ ಇಳಿಸಿ ಮನೆಗೆ ಹೋಗಿ ಮರೆಯಲಿಲ್ಲ. ಮಾರ್ಚ್ 12ಕ್ಕೆ ದಂಡಿಯಾತ್ರೆ ಹೊರಟಿತು. ಅದರಲ್ಲಿ ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರೂ ನಡೆದರು. ಅದೇ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ರೈತರಿಂದ ವಸೂಲಾದ ಕಂದಾಯದ ಹಣಕ್ಕೆ ಕೈಹಾಕಿದಾಗ ಗುಂಡಿಗೆ ಎದೆಯೊಡ್ಡಿ ಮಡಿದರು. ಮೊದಲು ಉಪ್ಪು, ಆಮೇಲೆ ಕಂದಾಯ. ಪ್ರತಿಜ್ಞೆಯ ಎರಡು ಮಾತುಗಳನ್ನು ಒಬ್ಬ ಹಳ್ಳಿಯ ಹುಡುಗ ತನ್ನ ಬಾಳಿನಲ್ಲಿ ನಡೆಸಿ ತೋರಿಸಿದ.

1947ರವರೆಗೂ ಪ್ರತಿ ಜನವರಿ 26 ಸ್ವಾತಂತ್ರ್ಯದಿನವೇ ಆಗಿತ್ತು. ಅಂದು ಸರ್ಕಾರದ ರಜೆ ಇರಲಿಲ್ಲ, ಲಾಠಿ ಇತ್ತು. 1931ರ ಆ ದಿನ ಕಲ್ಕತ್ತೆಯಲ್ಲಿ ಮೆರವಣಿಗೆ ತೆಗೆದ ಸುಭಾಷಚಂದ್ರ ಬೋಸರು ನಗರದ ಮೇಯರರಾಗಿದ್ದರೂ ಪೆಟ್ಟು ತಿಂದು ಸೆರೆಗೆ ಹೋದರು. ಕೊನೆಗೆ ಅಧಿಕಾರ ಬಂದದ್ದು ಮೌಂಟ್‌ಬ್ಯಾಟನ್ ಆರಿಸಿದ ಆಗಸ್ಟ್ 15ರಂದು. ವ್ರತದ ದಿನ ಬರಿದಾಗಬಾರದೆಂದು ಸಂವಿಧಾನವನ್ನು ಅದಕ್ಕೆ ಜೋಡಿಸಿದರು. ಜೋಡಿಸಿದವರ ಬುದ್ಧಿ ದೊಡ್ಡದು, ನೆನಪಿಟ್ಟುಕೊಳ್ಳಬೇಕಾದ ನಮ್ಮದು ಸಣ್ಣದಾಯಿತು.

ಈಗ ಏನಾಗಿದೆ? 2025ರಲ್ಲಿ ಜನವರಿ 26, 1930ರಂತೆಯೇ ಭಾನುವಾರ ಬಂತು. ಒಂದು ರಜೆ ಹೋಯಿತಲ್ಲ ಎಂದು ಪೇಚಾಡಿದವರನ್ನು ನಾವೇ ಕಂಡೆವು. ಅಂದು ಭಾನುವಾರವನ್ನು ಹುಡುಕಿ ಆರಿಸಿದ್ದು ದುಡಿಯುವವರಿಗೂ ಬರಲು ಬಿಡುವಾಗಲೆಂದಲ್ಲವೇ? ಜಾತ್ರೆ ಉಳಿದು ದೇವರು ಮರೆತಂತಾಗಿದೆ.

ನೂಲಿನ ಮಾತಂತೂ ಇನ್ನೂ ಕಷ್ಟದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ನಿಯಮದಂತೆ ರಾಷ್ಟ್ರಧ್ವಜ ಸಿದ್ಧಪಡಿಸುವ ಮನೆ ಅದು. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಧಾರವಾಡದ ಹತ್ತಿರದ ಗರಗದ ನೇಕಾರರೂ ಧ್ವಜದ ಬಟ್ಟೆ ನೇಯುವವರೇ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಡಲಾಯಿತು. ಮನೆಮನೆಗೆ ಅಗ್ಗದ ಧ್ವಜ ಸಿಗಲಿ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಬಡವನ ಮನೆಯ ಮೇಲೂ ಅದು ಹಾರಬೇಕು. ಆದರೆ ಯಾವ ನೂಲುವವನ ಕೈಗೆ ಕೆಲಸ ಕೊಡುವೆವೆಂದು ಪ್ರತಿಜ್ಞೆ ಮಾಡಿದೆವೋ ಅವನ ಕೈಯಿಂದಲೇ ಧ್ವಜವನ್ನು ಕಿತ್ತುಕೊಂಡು ಆ ಪ್ರತಿಜ್ಞೆಯ ದಿನ ಹಾರಿಸುವುದು ನಮಗೆ ಒಪ್ಪುವುದಿಲ್ಲ.

ಬರುವ ಜನವರಿ 26ರಂದು ಮಠದ ಶಾಲೆಯಲ್ಲಿ ಖಾದಿಯ ಧ್ವಜವೇ ಏರುತ್ತದೆ. 1930ರ ಪ್ರತಿಜ್ಞೆಯನ್ನೂ ಸಂವಿಧಾನದ ಪೀಠಿಕೆಯನ್ನೂ ಕನ್ನಡದಲ್ಲಿ ಓದಿ, ಮಕ್ಕಳೂ ಭಕ್ತರೂ ಕೂಡಿ ಕೆರೆಯ ಏರಿಯ ಮುಳ್ಳುಕಂಟಿ ಕಡಿಯಲು ಹೋಗುವುದೆಂದು ನಿಶ್ಚಯಿಸಿದ್ದೇವೆ. ಗುದ್ದಲಿ, ಕುಡುಗೋಲು ಇದ್ದವರು ತನ್ನಿರಿ. ಅಂದು ಯಾರ ಭಾಷಣವೂ ಇರುವುದಿಲ್ಲ. ನಮ್ಮ ಆಶೀರ್ವಚನವೂ ಇಲ್ಲ.