ಕಬ್ಬಿಣದ ಓರೆ

ಗಾಲ್ಫ್ ಆಟಗಾರನ ಚೀಲದಲ್ಲಿ ನಿಯಮವು ಸಮ್ಮತಿಸುವ 14 ದಾಂಡುಗಳ ಪೈಕಿ ಅರ್ಧಕ್ಕೂ ಮಿಕ್ಕವು ಸಾಮಾನ್ಯವಾಗಿ ಐರನ್ ಎಂಬ ಕುಲಕ್ಕೆ ಸೇರಿದವು. ಅವನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದರೆ, ಒಂದಕ್ಕಿಂತ ಮುಂದಿನದರ ಹಿಡಿ ಅರ್ಧ ಅಂಗುಲದಷ್ಟು ಗಿಡ್ಡ, ತಲೆ ಏಳೆಂಟು ಗ್ರಾಂ ಭಾರ, ಇಷ್ಟೇ ಅಂತರವೆಂದು ಹೊಸಬರಿಗೆ ತೋರುವುದುಂಟು. ಆದರೆ ಇವುಗಳಲ್ಲಿ ಒಂದೊಂದಕ್ಕೂ ಅದರದೇ ಆದ ಸ್ವಭಾವವನ್ನು ಕೊಟ್ಟಿರುವುದು ಚೆಂಡಿಗೆ ತಗಲುವ ಮುಖವು ಲಂಬರೇಖೆಯಿಂದ ಹಿಂದಕ್ಕೆ ಎಷ್ಟು ಬಾಗಿದೆಯೋ ಆ ಓರೆ. ಆಟಗಾರರು ಅದನ್ನು ಲಾಫ್ಟ್ ಎನ್ನುತ್ತಾರೆ. ಉದ್ದನೆಯ ಐರನ್ನುಗಳಲ್ಲಿ ಇಪ್ಪತ್ತರ ಮೇಲೆ ಕೆಲವೇ ಡಿಗ್ರಿಗಳಷ್ಟಿರುವ ಈ ಓರೆಯು ದಾಂಡಿನ ಮೇಲೆ ಕೆತ್ತಿದ ಅಂಕೆ ಏರಿದಂತೆ ಮೂರು ನಾಲ್ಕು ಡಿಗ್ರಿಗಳ ಹೆಜ್ಜೆಯಲ್ಲಿ ಏರುತ್ತ, ಮರಳುಗುಣಿಯಿಂದ ಚೆಂಡನ್ನು ಎತ್ತುವ ಸ್ಯಾಂಡ್ ವೆಜ್ಜಿನಲ್ಲಿ 54 ಅಥವಾ 56 ಡಿಗ್ರಿಗಳನ್ನು ಮುಟ್ಟುತ್ತದೆ.

ಮುಖವು ನೆಟ್ಟಗಿದ್ದಷ್ಟೂ ದಾಂಡು ತನ್ನ ವೇಗದ ಬಹುಭಾಗವನ್ನು ಚೆಂಡಿನ ಮುನ್ನಡೆಗೇ ಒಪ್ಪಿಸುವುದು. ಮುಖವು ಬಾಗಿದಂತೆಲ್ಲ ಆ ಶಕ್ತಿಯ ಒಂದು ಪಾಲು ಚೆಂಡನ್ನು ಮೇಲೆತ್ತುವುದಕ್ಕೂ, ಇನ್ನೊಂದು ಪಾಲು ಅದನ್ನು ಹಿಮ್ಮುಖವಾಗಿ ತಿರುಗಿಸುವುದಕ್ಕೂ ಸಲ್ಲುವುದು. ಅಮೆರಿಕದ ವೃತ್ತಿಪರ ಪುರುಷರ ಆಟವನ್ನು ರಾಡಾರ್ ಯಂತ್ರಗಳಿಂದ ಅಳೆದ ಸರಾಸರಿ ಲೆಕ್ಕವನ್ನು ನೋಡಿದರೆ ಈ ಹಂಚಿಕೆ ಸ್ಫುಟವಾಗಿ ಕಾಣುತ್ತದೆ. ದೂರದ ಮೊದಲ ಹೊಡೆತಕ್ಕೆ ಬಳಸುವ ಡ್ರೈವರ್ ಎಂಬ ದಾಂಡಿನ ತಲೆ ಗಂಟೆಗೆ ಸುಮಾರು 113 ಮೈಲಿ ವೇಗದಲ್ಲಿ ಬಂದರೆ ಚೆಂಡು 167 ಮೈಲಿ ವೇಗದಲ್ಲಿ ಹೊರಡುತ್ತದೆ. 7ನೆಯ ಐರನ್ 90 ಮೈಲಿ ವೇಗದಲ್ಲಿ ಬಂದರೆ ಚೆಂಡಿಗೆ ದೊರೆಯುವುದು 120 ಮೈಲಿ ಮಾತ್ರ. ದಾಂಡಿನ ವೇಗಕ್ಕೆ ಹೋಲಿಸಿದರೆ ಮೊದಲನೆಯದರಲ್ಲಿ ಚೆಂಡಿಗೆ ಒಂದೂವರೆಪಟ್ಟು ಫಲ, ಎರಡನೆಯದರಲ್ಲಿ ಒಂದೂ ಕಾಲಿಗಿಂತ ತುಸು ಹೆಚ್ಚು. ಹೀಗೆ ದೂರದ ಲೆಕ್ಕದಿಂದ ಕಳೆದುಹೋದ ಶಕ್ತಿಯನ್ನು ನಷ್ಟವೆಂದು ಬಗೆಯತಕ್ಕದ್ದಲ್ಲ. ಅದರ ಒಂದು ಪಾಲು ಚೆಂಡಿನೊಳಗೆ ಭ್ರಮಣದ ರೂಪದಲ್ಲಿ ಅಡಗಿದ್ದು, ನೆಲ ಮುಟ್ಟಿದ ಮೇಲೆ ತನ್ನ ಪ್ರಯೋಜನವನ್ನು ತೋರಿಸುತ್ತದೆ.

ಇಲ್ಲಿ ಅನೇಕರು ಊಹಿಸದ ಸಂಗತಿಯೊಂದುಂಟು. 34 ಡಿಗ್ರಿ ಓರೆಯ ಐರನ್ನಿನಿಂದ ಹೊಡೆದ ಚೆಂಡು 34 ಡಿಗ್ರಿ ಕೋನದಲ್ಲಿ ಆಕಾಶಕ್ಕೆ ಏರುವುದಿಲ್ಲ. ನುರಿತ ವೃತ್ತಿಪರನ 7ನೆಯ ಐರನ್ನಿನ ಹೊಡೆತದಲ್ಲಿ ಅದು ನೆಲವನ್ನು ಬಿಡುವುದು ಸುಮಾರು 16 ಡಿಗ್ರಿಯಲ್ಲಿ. ಕೈಗಳು ಚೆಂಡಿಗಿಂತ ಮುಂದೆ ಸಾಗಿ ಹಿಡಿಯನ್ನು ಗುರಿಯ ಕಡೆಗೆ ಬಾಗಿಸುವುದರಿಂದ ಓರೆಯ ಒಂದು ಭಾಗ ತಾಗುವ ಕ್ಷಣದಲ್ಲೇ ತಗ್ಗುತ್ತದೆ. ದಾಂಡು ಇಳಿಮುಖವಾಗಿಯೇ ಚೆಂಡನ್ನು ತಾಕುವುದರಿಂದ, ಮತ್ತು ಚೆಂಡು ಆ ಅತ್ಯಲ್ಪಕಾಲದ ಸ್ಪರ್ಶದಲ್ಲಿ ಮುಖಕ್ಕೆ ಅಂಟಿಕೊಂಡು ಮೇಲಕ್ಕೆ ಜಾರುತ್ತ ಉರುಳುವುದರಿಂದ, ಉಳಿದ ಭಾಗದಲ್ಲಿಯೂ ಒಂದು ಪಾಲು ಭ್ರಮಣವಾಗಿ ಪರಿವರ್ತಿತವಾಗುತ್ತದೆ. ಹಾಗೆ ಹೊರಟ ಚೆಂಡು ನಿಮಿಷಕ್ಕೆ ಸುಮಾರು 7000 ಸುತ್ತು ಹಿಂದಕ್ಕೆ ತಿರುಗುತ್ತ 172 ಗಜಗಳಷ್ಟು ದೂರವನ್ನು ಗಾಳಿಯಲ್ಲೇ ಕ್ರಮಿಸುವುದು. ಪಿಚಿಂಗ್ ವೆಜ್ಜಿನಲ್ಲಿ ಈ ಸುತ್ತುಗಳು 9000ವನ್ನು ದಾಟುತ್ತವೆ, ಡ್ರೈವರಿನಲ್ಲಿ 2700ಕ್ಕೆ ಇಳಿಯುತ್ತವೆ. ಐರನ್ನಿನ ಅಂಕೆಯನ್ನು ಸಾವಿರದಿಂದ ಗುಣಿಸಿದರೆ ಭ್ರಮಣದ ಸಂಖ್ಯೆ ಬರುವುದೆಂದು ಆಟದ ಬೋಧಕರು ಸ್ಥೂಲವಾಗಿ ಹೇಳುವ ಸೂತ್ರವು ವೃತ್ತಿಪರರ ಮಟ್ಟಿಗೆ ಆಶ್ಚರ್ಯವಾಗುವಷ್ಟು ಸರಿಯಾಗಿದೆ.

ಈ ಹಿಮ್ಮುಖ ಭ್ರಮಣವು ಚೆಂಡನ್ನು ಗಾಳಿಯಲ್ಲಿ ಎತ್ತಿಹಿಡಿಯುತ್ತದೆ ಎಂಬುದನ್ನು ಗಾಲ್ಫಿಗೆ ಅನ್ವಯಿಸಿ ಗಣಿತದಿಂದ ಸಾಧಿಸಿದವನು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನದ ಪ್ರಾಧ್ಯಾಪಕ ಪೀಟರ್ ಗಥ್ರಿ ಟೇಟ್. ತಿರುಗುವ ವಸ್ತುವಿನ ಮೇಲೆ ಗಾಳಿಯು ಪಕ್ಕಕ್ಕೆ ಒತ್ತಡ ಹಾಕುವ ವಿದ್ಯಮಾನವನ್ನು ಜರ್ಮನಿಯ ಮ್ಯಾಗ್ನಸ್ ಅದಕ್ಕೆ ಹಿಂದೆಯೇ ವಿವರಿಸಿದ್ದನು. ಟೇಟನು 1890ರ ದಶಕದಲ್ಲಿ ಚೆಂಡಿಗೆ ತೆಳುವಾದ ಪಟ್ಟಿಯೊಂದನ್ನು ಕಟ್ಟಿ, ಹೊಡೆದ ಮೇಲೆ ಆ ಪಟ್ಟಿಯಲ್ಲಿ ಬಿದ್ದ ಸುರುಳಿಗಳನ್ನು ಎಣಿಸಿ, ಚೆಂಡು ಎಷ್ಟು ತಿರುಗುವುದೆಂದು ಕಂಡುಕೊಂಡನು. ಭ್ರಮಣವಿಲ್ಲದ ಚೆಂಡು ಬೇಗನೆ ನೆಲಕ್ಕೆ ಬೀಳುವುದೆಂದೂ, ಭ್ರಮಣವುಳ್ಳದ್ದು ಗುರುತ್ವವನ್ನು ಅಷ್ಟಿಷ್ಟು ಎದುರಿಸಿ ಗಾಳಿಯಲ್ಲಿ ಹೆಚ್ಚುಕಾಲ ತಂಗುವುದೆಂದೂ ಅವನು ತೋರಿಸಿದನು. ಅವನ ಮಗ ಫ್ರೆಡಿ ಟೇಟನು 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್‌ಷಿಪ್ಪನ್ನು ಗೆದ್ದು, 1900ರಲ್ಲಿ ದಕ್ಷಿಣ ಆಫ್ರಿಕದ ಯುದ್ಧಭೂಮಿಯಲ್ಲಿ ಮಡಿದನು. ತಂದೆ ಕಾಗದದ ಮೇಲೆ ಸಾಧಿಸಿದ್ದನ್ನು ಮಗನು ಹುಲ್ಲಿನ ಮೇಲೆ ತೋರಿಸುತ್ತಿದ್ದ ಇಂಥ ಮನೆತನ ಕ್ರೀಡೆಯ ಚರಿತ್ರೆಯಲ್ಲಿ ವಿರಳವೆಂದೇ ನನ್ನ ಎಣಿಕೆ. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ನನೂ 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇದೇ ವಿಷಯವಾಗಿ ಉಪನ್ಯಾಸ ಮಾಡಿದನು.

ಐರನ್ನು ಆಟದಲ್ಲಿ ಗೌರವದ ಸ್ಥಾನಕ್ಕೆ ಬಂದುದು ಅಷ್ಟೇನೂ ಪ್ರಾಚೀನವಾದ ಮಾತಲ್ಲ. ಸ್ಕಾಟ್ಲೆಂಡಿನ ಸಮುದ್ರತೀರದ ಮೈದಾನಗಳಲ್ಲಿ ಗರಿಗಳನ್ನು ತುಂಬಿ ಹೊಲಿದ ತೊಗಲಿನ ಚೆಂಡು ಬಳಕೆಯಲ್ಲಿದ್ದಷ್ಟು ಕಾಲ, ಬಹಳ ಬೆಲೆಯ ಆ ಚೆಂಡನ್ನು ಕಬ್ಬಿಣದ ಅಂಚಿನಿಂದ ಹೊಡೆಯುವುದೆಂದರೆ ಅದನ್ನು ಸೀಳುವುದೆಂದೇ ಅರ್ಥವಾಗಿದ್ದಿತು; ಗಾಡಿಯ ಜಾಡಿನಲ್ಲೋ ಮರಳಿನಲ್ಲೋ ಸಿಕ್ಕಿಕೊಂಡಾಗ ಮಾತ್ರ ವಿಧಿಯಿಲ್ಲದೆ ಕಬ್ಬಿಣವನ್ನು ಕೈಗೆತ್ತಿಕೊಳ್ಳುತ್ತಿದ್ದರು. 1848ರ ಸುಮಾರಿಗೆ ಗಟಾಪರ್ಚವೆಂಬ ಮರದ ಅಂಟಿನಿಂದ ಮಾಡಿದ ಗಟ್ಟಿ ಚೆಂಡು ಬಂದ ಮೇಲೆ ಈ ಭಯ ಹೋಯಿತು. ಸೇಂಟ್ ಆಂಡ್ರೂಸಿನ ಆಲನ್ ರಾಬರ್ಟ್‌ಸನ್ನನು ಗುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಾದ ಗ್ರೀನಿನ ಕಡೆಗೆ ಹೊಡೆಯುವುದಕ್ಕೆ ಕ್ಲೀಕ್ ಎಂಬ ಕಬ್ಬಿಣದ ದಾಂಡನ್ನು ಬಳಸಿ ದಾರಿ ತೋರಿದನು. ಮುಂದೆ ಮ್ಯಾಷಿ, ಮ್ಯಾಷಿ ನಿಬ್ಲಿಕ್, ನಿಬ್ಲಿಕ್ ಎಂಬ ಸೊಗಸಾದ ಹೆಸರುಗಳ ಬಳಗವೇ ಹುಟ್ಟಿತು. ಇಂದಿನ ಲೆಕ್ಕದಲ್ಲಿ ಮ್ಯಾಷಿ ಸುಮಾರಾಗಿ 5ನೆಯ ಐರನ್ನಿಗೂ ನಿಬ್ಲಿಕ್ 9ನೆಯದಕ್ಕೂ ಸಮ. ಉಕ್ಕಿನ ಹಿಡಿಗಳು ಬಂದು, ಒಂದೇ ಕಾರ್ಖಾನೆಯಲ್ಲಿ ಇಡಿಯ ಸೆಟ್ಟನ್ನು ತಯಾರಿಸುವ ಪದ್ಧತಿ ಬೇರೂರಿದಾಗ ಹೆಸರುಗಳು ಹೋಗಿ ಅಂಕೆಗಳು ನಿಂತವು. ವ್ಯಾಪಾರಕ್ಕೆ ಇದು ಅನುಕೂಲವಾಯಿತು. ಆದರೆ ಅಂಕೆಯು ಓರೆಯನ್ನು ನಿಶ್ಚಯಿಸುತ್ತದೆ ಎಂಬ ಭ್ರಮೆಯೂ ಅಂದಿನಿಂದಲೇ ಹುಟ್ಟಿಕೊಂಡಿತು.

ಚೆಂಡನ್ನು ನಿಲ್ಲಿಸುವ ಸಾಮರ್ಥ್ಯಕ್ಕಾಗಿ ಮನುಷ್ಯನು ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ 1921ರ ಓಪನ್ ಚಾಂಪಿಯನ್‌ಷಿಪ್ ಸಾಕ್ಷಿ. ಸೇಂಟ್ ಆಂಡ್ರೂಸಿನಲ್ಲೇ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಜಾಕ್ ಹಚಿಸನ್ನನು, ಮುಖದ ಮೇಲೆ ಆಳವಾದ ಗೀರುಗಳನ್ನು ಕೊರೆದಿದ್ದ ಐರನ್ನುಗಳನ್ನು ಹಿಡಿದು ಬಂದು, ಗಡುಸಾದ ಆ ಗ್ರೀನುಗಳ ಮೇಲೆಯೂ ಚೆಂಡನ್ನು ತಡೆದು ನಿಲ್ಲಿಸುತ್ತ ತನ್ನ ಹುಟ್ಟೂರಿನಲ್ಲೇ ಪ್ರಶಸ್ತಿಯನ್ನು ಗೆದ್ದನು. ಅಂದು ಆಟದ ನಿಯಮಗಳ ಉಸ್ತುವಾರಿ ಹೊತ್ತಿದ್ದ ರಾಯಲ್ ಅಂಡ್ ಏನ್ಷಿಯಂಟ್ ಸಂಸ್ಥೆಯು ಅಂಥ ದಾಂಡುಗಳನ್ನು ಆ ವರ್ಷವೇ ನಿಷೇಧಿಸಿತು. ಗೀರುಗಳ ವಿವಾದ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ಮತ್ತೆ ಅವುಗಳ ಗಾತ್ರಕ್ಕೂ, 25 ಡಿಗ್ರಿ ಹಾಗೂ ಅದಕ್ಕೆ ಮೀರಿದ ಓರೆಯ ದಾಂಡುಗಳಲ್ಲಿ ಅವುಗಳ ಅಂಚಿನ ತೀಕ್ಷ್ಣತೆಗೂ ಮಿತಿ ವಿಧಿಸಬೇಕಾಯಿತು. ವಸ್ತುಸ್ಥಿತಿ ಏನೆಂದರೆ, ಗಿಡ್ಡಾಗಿ ಕತ್ತರಿಸಿದ ಹುಲ್ಲಿನ, ಒಣಗಿದ, ಶುಭ್ರವಾದ ಫೇರ್‌ವೇಯಲ್ಲಿ ಗೀರುಗಳ ಪಾತ್ರ ಅತ್ಯಲ್ಪ. ದಾಂಡಿಗೂ ಚೆಂಡಿಗೂ ನಡುವೆ ಹುಲ್ಲಿನ ರಸವೋ ನೀರೋ ಬಂದಾಗ ಅದನ್ನು ಪಕ್ಕಕ್ಕೆ ಹರಿಸಿ ಘರ್ಷಣೆಯನ್ನು ಕಾಪಾಡುವುದೇ ಅವುಗಳ ಉದ್ಯೋಗ. ಎತ್ತರದ ಹುಲ್ಲಿನಿಂದ ಹೊಡೆದ ಚೆಂಡು ಕೆಲವೊಮ್ಮೆ ಭ್ರಮಣವಿಲ್ಲದೆ ಹಾರಿ, ಗ್ರೀನಿನ ಆಚೆಗೆ ಓಡಿಹೋಗುವುದನ್ನು ಆಟಗಾರರು ಫ್ಲೈಯರ್ ಎಂದು ಕರೆದು ಹಣೆಬರಹವನ್ನು ಬಯ್ಯುವುದು ಈ ಘರ್ಷಣೆ ತಪ್ಪಿದ್ದರಿಂದಲೇ.

ನಿಲುಗಡೆಯೆಂಬುದು ಭ್ರಮಣವೊಂದರಿಂದಲೇ ಆಗತಕ್ಕದ್ದೂ ಅಲ್ಲ. ಚೆಂಡು ಯಾವ ಕೋನದಲ್ಲಿ ನೆಲಕ್ಕಿಳಿಯುತ್ತದೆ ಎಂಬುದು ಅದಕ್ಕೆ ಸಮಾನವಾದ, ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ಆಟಗಾರನಿಗೆ ಹೆಚ್ಚು ಮುಖ್ಯವಾದ, ಇನ್ನೊಂದು ಅಂಗ. 45 ಡಿಗ್ರಿಗಿಂತ ಕಡಿದಾಗಿ ಇಳಿದ ಚೆಂಡು ಗ್ರೀನಿನ ಮೇಲೆ ಸಾಮಾನ್ಯವಾಗಿ ನಿಲ್ಲುವುದೆಂದು ದಾಂಡು ಹೊಂದಿಸಿಕೊಡುವ ತಜ್ಞರು ಲೆಕ್ಕ ಹಾಕುತ್ತಾರೆ. ವೃತ್ತಿಪರ ಪುರುಷರ 7ನೆಯ ಐರನ್ನಿನ ಚೆಂಡು 50 ಡಿಗ್ರಿಯಲ್ಲಿ ಇಳಿಯುವುದು. ವಿಚಿತ್ರವೆಂದರೆ, 5ನೆಯದರ ಚೆಂಡೂ ಹೆಚ್ಚುಕಡಿಮೆ ಅಷ್ಟೇ ಕಡಿದಾಗಿ ಇಳಿಯುತ್ತದೆ, ಏಕೆಂದರೆ ಅವರ ತೋಳಿನ ವೇಗವು ಕಡಿಮೆ ಓರೆಯ ದಾಂಡಿನಿಂದಲೂ ಚೆಂಡನ್ನು ಸುಮಾರು 30 ಗಜಗಳ ಎತ್ತರಕ್ಕೆ ಏರಿಸಬಲ್ಲುದು. ವಾರಕ್ಕೊಮ್ಮೆ ಆಡುವ ಗೃಹಸ್ಥನಿಗೆ ಆ ವೇಗವಿಲ್ಲ. ಅವನ 4ನೆಯ ಐರನ್ನಿನ ಚೆಂಡು ತಗ್ಗಾಗಿ ಹಾರಿ, ಓರೆಯಾಗಿ ಬಿದ್ದು, ಮುಂದೆ ಉರುಳಿ ಹೋಗುವುದು ಅವನ ಕೈಯ ದೋಷವೇ ಆಗಬೇಕಾಗಿಲ್ಲ. ದಾಂಡಿನ ವೇಗ ಕಡಿಮೆಯಿದ್ದವರಿಗೆ ಓರೆಯೇ ಎತ್ತರದ ಮೂಲಧನ. ಅದನ್ನೂ ಕಡಿಮೆ ಮಾಡಿಕೊಂಡರೆ ಮಿಕ್ಕುವುದು ಉರುಳಾಟವಷ್ಟೆ. 1ನೆಯ ಐರನ್ ಇಂದು ಅಂಗಡಿಗಳಿಂದ ಬಹುಮಟ್ಟಿಗೆ ಕಣ್ಮರೆಯಾಗಿ, ಅದರ ಸ್ಥಾನಕ್ಕೆ ಮರದ ದಾಂಡಿನ ಹಾಗೂ ಐರನ್ನಿನ ಗುಣಗಳು ಬೆರೆತ ಹೈಬ್ರಿಡ್ ಬಂದಿರುವುದಕ್ಕೂ ಇದೇ ಕಾರಣ. 1950ರಲ್ಲಿ ಅಮೆರಿಕದ ಮೆರಿಯನ್ ಮೈದಾನದ ಕೊನೆಯ ಫೇರ್‌ವೇಯಿಂದ ವೃತ್ತಿಪರ ಆಟಗಾರ ಬೆನ್ ಹೋಗನ್ನನು ಆ ದಾಂಡಿನಿಂದ ಹೊಡೆದ ಹೊಡೆತದ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡವರು ಬಹಳ ಮಂದಿ. ಅದನ್ನು ಹೊಡೆಯಬಲ್ಲವರು ಎಂದಿಗೂ ಕೆಲವರೇ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಪದಕಕ್ಕೆ ಒಂದೇ ಒಂದು ಹೊಡೆತದ ಅಂತರದಲ್ಲಿ ನಾಲ್ಕನೆಯ ಸ್ಥಾನ ಪಡೆದುದು ಓದುಗರಿಗೆ ನೆನಪಿರಬಹುದು. ಮೊದಲ ಹೊಡೆತದ ದೂರದಲ್ಲಿ ಆಕೆ ಎದುರಾಳಿಗಳಿಗಿಂತ ಬಹಳ ಹಿಂದೆ ಇದ್ದವಳು. ಅಂದರೆ ಅವರು ಹೆಚ್ಚು ಓರೆಯ ಗಿಡ್ಡ ಐರನ್ನಿನಿಂದ ಗ್ರೀನನ್ನು ಸಮೀಪಿಸುವ ಕಡೆಗಳಲ್ಲಿ ಈಕೆ ಕಡಿಮೆ ಓರೆಯ ಉದ್ದ ದಾಂಡಿನಿಂದ, ಕಡಿಮೆ ಕಡಿದಾದ ಇಳಿತದಿಂದ, ಅದೇ ಗ್ರೀನಿನ ಮೇಲೆ ಚೆಂಡನ್ನು ನಿಲ್ಲಿಸಬೇಕಾಗಿದ್ದಿತು. ಆಕೆಯ ಪಟಿಂಗ್ ಕೌಶಲವನ್ನು ಎಲ್ಲರೂ ಕೊಂಡಾಡಿದರು. ದೂರದಿಂದ ಬಂದು ಚೆಂಡು ನಿಲ್ಲಿಸಿದ ಕೌಶಲವೂ ಅಷ್ಟೇ ಶ್ಲಾಘ್ಯವಾದದ್ದು.

ಓರೆಯ ಬೆಲೆ ನೆಲದ ಸ್ವಭಾವವನ್ನೂ ಅವಲಂಬಿಸಿದೆ. ಸ್ಕಾಟ್ಲೆಂಡಿನ ತೀರದಲ್ಲಿ ಮರಳಿನ ಮೇಲೆ ಬೆಳೆದ ಹುಲ್ಲು ಗಡುಸು, ಗಾಳಿ ಬಿರುಸು. ಅಲ್ಲಿ ಜಾಣನಾದವನು ಚೆಂಡನ್ನು ತಗ್ಗಾಗಿ ಹೊಡೆದು ಗ್ರೀನಿನ ಮುಂದೆಯೇ ನೆಲಕ್ಕಿಳಿಸಿ ಉರುಳಿಸುತ್ತಾನೆ. ನೀರುಣಿಸಿ ಮೃದುಮಾಡಿದ ಅಮೆರಿಕದ ಗ್ರೀನುಗಳು ಆಕಾಶದಿಂದ ಬೀಳುವ ಹೊಡೆತವನ್ನು ಆದರಿಸುತ್ತವೆ. 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಮೈದಾನದಲ್ಲಿ ಆಡುವವರಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ತೆಳುಗಾಳಿಯಲ್ಲಿ ತಡೆ ಕಡಿಮೆಯಾದುದರಿಂದ ಚೆಂಡು ತುಸು ದೂರ ಹೋಗುವುದು. ಆದರೆ ಎತ್ತಿಹಿಡಿಯುವ ಬಲವೂ ಕುಗ್ಗುವುದರಿಂದ ಅದು ಅಷ್ಟು ಕಡಿದಾಗಿ ಇಳಿಯುವುದಿಲ್ಲ. ಚೆನ್ನೈಯಲ್ಲಿ ಅಭ್ಯಾಸ ಮಾಡಿ ಬಂದವರು ಇಲ್ಲಿ ಮೊದಲ ದಿನ ಗ್ರೀನಿನ ಹಿಂಬದಿಯಲ್ಲಿ ಚೆಂಡು ಹುಡುಕಿದರೆ ಬೆರಗಾಗಬೇಕಾಗಿಲ್ಲ.

ಈಗ ಅಂಗಡಿಯ ಮಾತಿಗೆ ಬರೋಣ. ಐವತ್ತು ವರ್ಷಗಳ ಹಿಂದೆ 7ನೆಯ ಐರನ್ನಿಗೆ 38 ಡಿಗ್ರಿಯ ಆಸುಪಾಸಿನ ಓರೆ ಇರುತ್ತಿದ್ದಿತು. ಸಾಮಾನ್ಯ ಆಟಗಾರರಿಗೆಂದು ಇಂದು ಮಾರುವ ಕೆಲವು ಸೆಟ್ಟುಗಳಲ್ಲಿ ಅದೇ ಅಂಕೆಯ ದಾಂಡಿಗೆ 28ರಿಂದ 30 ಡಿಗ್ರಿ. ಅಂದರೆ ಹಿಂದೆ 5 ಅಥವಾ 4 ಎಂದು ಕರೆಸಿಕೊಳ್ಳುತ್ತಿದ್ದ ಕಬ್ಬಿಣಕ್ಕೆ ಇಂದು 7 ಎಂದು ಮುದ್ರೆಯೊತ್ತಿ, ಇದರಿಂದ ಚೆಂಡು ಇಪ್ಪತ್ತು ಗಜ ಹೆಚ್ಚು ಹೋಗುವುದೆಂದು ಜಾಹೀರಾತು ಸಾರುತ್ತದೆ. ತಯಾರಕರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಇಂಜಿನಿಯರನಾಗಿದ್ದ ಕಾರ್ಸ್‌ಟನ್ ಸೋಲ್‌ಹೈಮನು ಪಿಂಗ್ ಸಂಸ್ಥೆಯನ್ನು ಕಟ್ಟಿ, ದಾಂಡಿನ ಬೆನ್ನನ್ನು ಟೊಳ್ಳುಮಾಡಿ ತೂಕವನ್ನು ಅಂಚುಗಳಿಗೆ ಹಂಚುವ ಮಾರ್ಗವನ್ನು ಪ್ರಚುರಗೊಳಿಸಿದ ಮೇಲೆ, ಭಾರವನ್ನು ಕೆಳಕ್ಕೂ ಹಿಂದಕ್ಕೂ ಒಯ್ದು, ಕಡಿಮೆ ಓರೆಯಿಂದಲೂ ಚೆಂಡನ್ನು ಎತ್ತರಕ್ಕೇರಿಸುವುದು ಸಾಧ್ಯವಾಗಿದೆ. ಹಳೆಯ ಸೆಟ್ಟಿನ ಓರೆಯನ್ನೇ ಇವುಗಳಿಗೆ ಕೊಟ್ಟರೆ ಚೆಂಡು ಅತಿಯಾಗಿ ಮೇಲೇರಿ ಗಾಳಿಗೆ ಸಿಕ್ಕುವುದು. ಎತ್ತರವನ್ನು ಹೀಗೆ ಉಳಿಸಿಕೊಳ್ಳಬಹುದಾದರೂ ಭ್ರಮಣವನ್ನು ಪೂರ್ಣವಾಗಿ ಉಳಿಸಿಕೊಳ್ಳಲಾಗದು. ಹೆಚ್ಚಾದ ಇಪ್ಪತ್ತು ಗಜಗಳಲ್ಲಿ ಎಷ್ಟನ್ನು ಗ್ರೀನಿನ ಮೇಲೆ ಉರುಳಾಟವು ಕಬಳಿಸಿತೆಂಬುದನ್ನು ಹೊಡೆತವನ್ನು ಅಳೆದು ತೋರಿಸುವ ಅಂಗಡಿಯ ಪರದೆ ದೊಡ್ಡ ಅಕ್ಷರಗಳಲ್ಲಿ ತೋರಿಸುವುದಿಲ್ಲ.

ಇದರಿಂದ ಹುಟ್ಟಿದ ಮತ್ತೊಂದು ತೊಡಕು ಸೆಟ್ಟಿನ ಕೊನೆಯ ತುದಿಯಲ್ಲಿದೆ. ಪಿಚಿಂಗ್ ವೆಜ್ಜಿನ ಓರೆ 43 ಡಿಗ್ರಿಗೆ ಇಳಿದು ಸ್ಯಾಂಡ್ ವೆಜ್ಜು 56ರಲ್ಲೇ ನಿಂತಿದ್ದರೆ ನಡುವೆ 13 ಡಿಗ್ರಿಗಳ ಕಂದರ ಬೀಳುವುದು. ನಾಲ್ಕು ಡಿಗ್ರಿಗೆ ಹತ್ತು ಹದಿನೈದು ಗಜಗಳಂತೆ ಲೆಕ್ಕ ಹಾಕಿದರೆ, ಗ್ರೀನಿಗೆ ಅತ್ಯಂತ ಸಮೀಪದಲ್ಲಿ, ನಿಖರತೆ ಅತ್ಯವಶ್ಯವಾದ ಎಡೆಯಲ್ಲೇ, ಮೂವತ್ತು ನಲವತ್ತು ಗಜಗಳ ಅಂತರಕ್ಕೆ ಹೊಂದುವ ದಾಂಡೇ ಇಲ್ಲವಾಗುತ್ತದೆ. ಅದನ್ನು ತುಂಬಲು ಗ್ಯಾಪ್ ವೆಜ್ ಎಂಬ ಹೊಸ ದಾಂಡನ್ನು ಕೊಳ್ಳಬೇಕು. ಅಂಗಡಿಯವರಿಗೆ ಇದರಿಂದ ದುಃಖವಾಗುವಂತೆ ಕಾಣುವುದಿಲ್ಲ.

ಆದುದರಿಂದ ಹೊಸ ಸೆಟ್ಟನ್ನು ಕೊಳ್ಳುವ ಓದುಗರು ತಳದಲ್ಲಿ ಕೆತ್ತಿದ ಅಂಕೆಯನ್ನು ಬಿಟ್ಟು ಡಿಗ್ರಿಗಳ ಪಟ್ಟಿಯನ್ನು ಕೇಳಿ ಪಡೆಯಲಿ. ಪರದೆಯ ಮುಂದೆ ಹೊಡೆದು ನೋಡುವಾಗ ದೂರದ ಜೊತೆಗೆ ಇಳಿತದ ಕೋನವನ್ನೂ ಗಮನಿಸಲಿ. ಎರಡು ವೆಜ್ಜುಗಳ ನಡುವೆ ಐದಾರು ಡಿಗ್ರಿಗಿಂತ ಹೆಚ್ಚು ಅಂತರ ಬಿಡದಿರಲಿ. ತಟ್ಟಿ ಮಾಡಿದ ಮೃದುವಾದ ಉಕ್ಕಿನ ಐರನ್ನುಗಳಿದ್ದರೆ ಗಟ್ಟಿ ಚಾಪೆಯ ಮೇಲಿನ ಅಭ್ಯಾಸದಿಂದ ಅವುಗಳ ಓರೆ ಒಂದೆರಡು ಡಿಗ್ರಿ ಸರಿಯುವುದುಂಟು. ವರ್ಷಕ್ಕೊಮ್ಮೆ ಅಳೆಯಿಸಿ, ತಪ್ಪಿದ್ದರೆ ಬಾಗಿಸಿ ಸರಿಪಡಿಸಿಕೊಳ್ಳುವುದು ಹೊಸ ದಾಂಡು ಕೊಳ್ಳುವುದಕ್ಕಿಂತ ಬಹಳ ಅಗ್ಗ.